ಸ್ತ್ರೀಯರೂ ಡಿಜಿಟಲ್ ವಿನ್ಯಾಸದ ವೃತ್ತಿಯೂ

ಮಗಳಿಗೆ ಯಾವ ವಿದ್ಯೆಯನ್ನು ಕಲಿಸಬೇಕು, ಯಾವ ವೃತ್ತಿಗೆ ಅಣಿಮಾಡಬೇಕು ಎಂಬ ವಿಚಾರವು ಗೃಹಸ್ಥನಾದವನನ್ನು ಒಂದಲ್ಲ ಒಂದು ದಿನ ಕಾಡದೆ ಬಿಡುವುದಿಲ್ಲ. ನಾವು ಬಹುಕಾಲ ಪಾಠಶಾಲೆಯಲ್ಲಿ ಇದ್ದವರಾದ ಕಾರಣ, ಈ ಪ್ರಶ್ನೆಯನ್ನು ಹೊತ್ತು ನಮ್ಮ ಬಳಿಗೆ ಬರುವ ತಾಯಿತಂದೆಯರು ನಿವೃತ್ತಿಯಾದ ಮೇಲೂ ಉಂಟು. ಹಿಂದೆ ಅವರು ಉಪಾಧ್ಯಾಯ ವೃತ್ತಿ, ವೈದ್ಯ ವೃತ್ತಿ, ಬ್ಯಾಂಕಿನ ಕೆಲಸ, ಇವುಗಳ ಗುಣದೋಷಗಳನ್ನು ಕೇಳುತ್ತಿದ್ದರು. ಈಚೆಗೆ ಡಿಜಿಟಲ್ ಪ್ರಾಡಕ್ಟ್ ಡಿಸೈನ್ ಎಂಬ ಹೊಸ ಹೆಸರೊಂದು ಅವರ ಬಾಯಲ್ಲಿ ಬರುತ್ತಿದೆ. ಅದು ಬರಿಯ ಚಿತ್ರ ಬರೆಯುವ ಕೆಲಸವೆ? ಅದಕ್ಕೆ ತಕ್ಕ ಓದು ಎಲ್ಲಿದೆ? ಮದುವೆ ಮಕ್ಕಳು ಎಂದಾದ ಮೇಲೆ ಅದು ಉಳಿಯುವುದೆ? ಈ ಮೂರು ಪ್ರಶ್ನೆಗಳಿಗೆ ಯಥಾಮತಿ ಉತ್ತರ ಹೇಳುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ಶಬ್ದಾರ್ಥವನ್ನು ನೋಡೋಣ. ಡಿಸೈನ್ ಎಂಬುದಕ್ಕೆ ನಮ್ಮಲ್ಲಿ ವಿನ್ಯಾಸ ಎನ್ನುತ್ತಾರಷ್ಟೆ. ‘ವಿ’, ‘ನಿ’ ಎಂಬ ಎರಡು ಉಪಸರ್ಗಗಳೂ ‘ಅಸ್’ ಎಂಬ ಧಾತುವೂ ಕೂಡಿ ಆದ ಮಾತು ಇದು. ವಿಶೇಷವಾಗಿ ತಕ್ಕ ಎಡೆಯಲ್ಲಿ ಇರಿಸುವುದು ಎಂಬುದೇ ಇದರ ಅರ್ಥ. ಬಾಳೆಯೆಲೆಯಲ್ಲಿ ಬಡಿಸುವ ಕ್ರಮವನ್ನು ವಾಚಕರು ನೆನೆದುಕೊಳ್ಳಬೇಕು. ಉಪ್ಪು ಎಡತುದಿಯಲ್ಲಿ, ಪಲ್ಯ ಕೋಸಂಬರಿಗಳು ಮೇಲ್ಭಾಗದಲ್ಲಿ, ಅನ್ನ ಕೈಗೆ ಎಟುಕುವಂತೆ ನಡುವೆ. ಉಣ್ಣುವವನು ಯಾವುದನ್ನೂ ಹುಡುಕಬೇಕಾಗಿಲ್ಲ. ಅಲ್ಲಿ ಕ್ರಮವೊಂದಿದೆ ಎಂಬುದೂ ಅವನ ಲಕ್ಷ್ಯಕ್ಕೆ ಬರುವುದಿಲ್ಲ. ಅದೇ ಆ ಕ್ರಮದ ಹೆಚ್ಚಳ. ಮೊಬೈಲಿನ ಪರದೆಯೂ ಅಂಥದೇ ಒಂದು ಎಲೆ. ಯಾವ ಮಾತು ಎಲ್ಲಿರಬೇಕು, ಯಾವ ಗುಂಡಿ ಎಷ್ಟು ದೊಡ್ಡದಾಗಿರಬೇಕು, ಒತ್ತಿದ ಮೇಲೆ ಏನಾಗಬೇಕು, ತಪ್ಪಿ ಒತ್ತಿದವನು ಹಿಂದಿರುಗುವ ದಾರಿ ಯಾವುದು, ಇವೆಲ್ಲವನ್ನೂ ಮೊದಲೇ ಯೋಚಿಸಿ ಇರಿಸುವವರು ಈ ವಿನ್ಯಾಸಕಾರರು.

ಇದು ಅಲಂಕಾರದ ಮಾತಲ್ಲವೆಂಬುದಕ್ಕೆ ಒಂದೇ ನಿದರ್ಶನ ಸಾಕು. ನಮ್ಮ ದೇಶದಲ್ಲಿ 2016ರಲ್ಲಿ ಯುಪಿಐ ಎಂಬ ಹಣ ಕಳುಹಿಸುವ ಏರ್ಪಾಡು ಬಂದಿತು. ಇಂದು ಸೊಪ್ಪು ಮಾರುವವಳ ಬುಟ್ಟಿಯ ಪಕ್ಕದಲ್ಲಿಯೂ ಅದರ ಚೌಕಳಿಯ ಚೀಟಿ ಇದೆ. ಆ ಏರ್ಪಾಡಿನಲ್ಲಿ ಹಣ ಕಳುಹಿಸುವಂತೆಯೇ, ‘ನನಗೆ ಇಷ್ಟು ಹಣ ಕೊಡಿ’ ಎಂದು ಇನ್ನೊಬ್ಬರಿಗೆ ಬೇಡಿಕೆ ಕಳುಹಿಸುವುದಕ್ಕೂ ಅವಕಾಶವಿತ್ತು. ವಂಚಕರು ಇದನ್ನೇ ಹಿಡಿದರು. ‘ನಿಮಗೆ ಹಣ ಬರುತ್ತದೆ, ಒಪ್ಪಿಗೆ ಕೊಡಿ’ ಎಂದು ದೂರವಾಣಿಯಲ್ಲಿ ಹೇಳುವರು. ಇತ್ತ ಬೇಡಿಕೆ ಕಳುಹಿಸುವರು. ಪರದೆಯ ಮೇಲೆ ಕಂಡದ್ದು ಬರುವ ಹಣವೋ ಹೋಗುವ ಹಣವೋ ತಿಳಿಯದೆ ಗುಪ್ತಸಂಖ್ಯೆಯನ್ನು ಒತ್ತಿ ಹಣ ಕಳೆದುಕೊಂಡ ವೃದ್ಧರು ಎಷ್ಟೋ ಮಂದಿ. ಕೊನೆಗೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿವ್ಯಕ್ತಿಗಳ ನಡುವಣ ಈ ಬೇಡಿಕೆಯ ಪದ್ಧತಿಯನ್ನೇ ನಿಲ್ಲಿಸಲಾಯಿತು. ಪರದೆಯ ಮೇಲಿನ ಒಂದು ಸಾಲು, ಒಂದು ಬಣ್ಣ, ಒಂದು ಎಚ್ಚರಿಕೆಯ ಮಾತು, ಇವು ಒಬ್ಬ ಪಿಂಚಣಿದಾರನ ತಿಂಗಳ ಗಂಟನ್ನು ಉಳಿಸಲೂಬಹುದು, ಕಳೆಯಲೂಬಹುದು. ಇಂಥ ಹೊಣೆಯುಳ್ಳ ಕೆಲಸವನ್ನು ಬರಿಯ ಚಿತ್ರ ಬರೆಯುವುದೆಂದು ಎಣಿಸುವುದು ಸಲ್ಲದು.

ಹಾಗಾದರೆ ಈ ಕೆಲಸ ನಡೆಯುವ ಬಗೆ ಯಾವುದು? ವಿನ್ಯಾಸಕಾರಳು ಮೊದಲು ಬಳಸುವವರ ಬಳಿಗೆ ಹೋಗಿ ಅವರು ಹೇಳುವುದನ್ನು ಕೇಳುತ್ತಾಳೆ. ಹೇಳದೆ ಮಾಡುವುದನ್ನು ನೋಡುತ್ತಾಳೆ. ಆಮೇಲೆ ಕಾಗದದ ಮೇಲೆ ಹಲವು ಬಗೆಯಲ್ಲಿ ಗೀಚುತ್ತಾಳೆ. ಅವುಗಳಲ್ಲಿ ಒಂದೆರಡನ್ನು ಆರಿಸಿ ಪರದೆಯ ಮಾದರಿಯನ್ನು ಮಾಡಿ, ಅಪರಿಚಿತರ ಕೈಗೆ ಕೊಟ್ಟು, ತಾನು ಬಾಯಿ ತೆರೆಯದೆ ಕುಳಿತು, ಅವರು ಎಲ್ಲಿ ತಡೆಯುತ್ತಾರೆಂಬುದನ್ನು ಗುರುತಿಸಿಕೊಳ್ಳುತ್ತಾಳೆ. ಇದಕ್ಕೆ ನೂರಾರು ಜನ ಬೇಕಿಲ್ಲ. ಐವರಿಗೆ ಕೊಟ್ಟು ನೋಡಿದರೆ ತೊಡಕುಗಳಲ್ಲಿ ಬಹುಪಾಲು ಹೊರಬೀಳುತ್ತವೆಂದು ಈ ಶಾಸ್ತ್ರದಲ್ಲಿ ಹೆಸರಾದ ಜೇಕಬ್ ನೀಲ್ಸನ್ ಎಂಬವರು 2000ದಲ್ಲಿ ಲೆಕ್ಕಹಾಕಿ ತೋರಿಸಿದರು. ತೊಡಕು ಕಂಡಲ್ಲಿ ತಿದ್ದುವುದು, ಮತ್ತೆ ಕೊಟ್ಟು ನೋಡುವುದು, ಪುನಃ ತಿದ್ದುವುದು, ಇದೇ ಅವಳ ನಿತ್ಯಕರ್ಮ.

ಆದರೆ ನಮ್ಮ ಜನರಲ್ಲಿ ಒಂದು ಸಂಕೋಚ ಉಂಟು. ಅತಿಥಿಯಾಗಿ ಹೋದ ಮನೆಯ ಸಾರಿನಲ್ಲಿ ಉಪ್ಪಿಲ್ಲವೆಂದು ನಾವು ಹೇಳುವುದುಂಟೆ? ಹಾಗೆಯೇ, ಮಾದರಿಯನ್ನು ಕೊಟ್ಟು ಹೇಗಿದೆಯೆಂದು ಕೇಳಿದರೆ ‘ಚೆನ್ನಾಗಿದೆ’ ಎಂದುಬಿಡುತ್ತೇವೆ. ಮುಂಬಯಿಯಲ್ಲಿ ಈ ಕೆಲಸದಲ್ಲಿದ್ದ ಅಪಲಾ ಲಾಹಿರಿ ಚವಾಣ್ ಎಂಬ ಮಹಿಳೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಪರೀಕ್ಷೆಗೆ ಬಂದವಳಿಗೆ ಅವರು ಒಂದು ಕಥೆಯನ್ನು ಹೇಳುವರು: ‘ನಿಮ್ಮ ಮುಗ್ಧಳಾದ ಸೋದರಸೊಸೆಗೆ ಮದುವೆ ನಿಶ್ಚಯವಾಗಿದೆ. ವರನು ಪಾತಕಿಗಳ ಗುಂಪಿನವನೆಂದೂ, ಅವನಿಗೆ ಮೊದಲೇ ಮದುವೆಯಾಗಿದೆಯೆಂದೂ ಈಗತಾನೆ ತಿಳಿಯಿತು. ಅವನ ಹೆಂಡತಿಯನ್ನೇ ಕರೆದುಕೊಂಡು ನೀವು ಬೆಂಗಳೂರಿಗೆ ವಿಮಾನದಲ್ಲಿ ಹೊರಡಬೇಕು. ಹೊತ್ತಿಲ್ಲ, ಬೇಗ ಟಿಕೆಟು ತೆಗೆಯಿರಿ.’ ಇಷ್ಟು ಕೇಳಿದ ಮೇಲೆ ಸಂಕೋಚವೆಲ್ಲಿ ಉಳಿದೀತು? ಗುಂಡಿ ಸಿಕ್ಕದಿದ್ದರೆ ಆಕೆ ಗಟ್ಟಿಯಾಗಿಯೇ ಬಯ್ಯುವಳು. ಆ ಬಯ್ಗುಳದಿಂದ ವಿನ್ಯಾಸಕ್ಕೆ ಬೇಕಾದ ಸತ್ಯವು ದೊರೆಯುವುದು. ಹಿಂದೀ ಚಲಚ್ಚಿತ್ರದ ಕಥೆಯನ್ನು ಹೋಲುವುದರಿಂದ ಇದಕ್ಕೆ ಬಾಲಿವುಡ್ ವಿಧಾನವೆಂದೇ ಹೆಸರಾಯಿತು. ನಮ್ಮ ಮನೆಗಳ ಮಾತುಕತೆಯನ್ನೂ ಮನಸ್ಸನ್ನೂ ಬಲ್ಲವರಿಗೇ ಇಂಥ ಉಪಾಯ ಹೊಳೆಯುವುದು ಸಾಧ್ಯ.

ಮನೆಯ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಹೇಳಬೇಕು. ಅಮೆರಿಕದ ಚಾರ್ಲ್ಸ್ ಈಮ್ಸ್, ರೇ ಈಮ್ಸ್ ಎಂಬ ದಂಪತಿಗಳು ಭಾರತ ಸರ್ಕಾರದ ಕೋರಿಕೆಯ ಮೇಲೆ ನಮ್ಮ ದೇಶವನ್ನು ಸುತ್ತಿ, 1958ರಲ್ಲಿ ಒಂದು ವರದಿಯನ್ನು ಸಲ್ಲಿಸಿದರು. ತಾವು ಭಾರತದಲ್ಲಿ ಕಂಡು ಮೆಚ್ಚಿದ ವಸ್ತುಗಳಲ್ಲಿ ಅವರು ಅತ್ಯಂತ ಸುಂದರವೆಂದು ಕೊಂಡಾಡಿದ್ದು ಲೋಟಾ, ಎಂದರೆ ನಮ್ಮ ನಿತ್ಯದ ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ತುಂಬಿದಾಗಲೂ ಬರಿದಾದಾಗಲೂ ಹೇಗೆ ನಿಲ್ಲಬೇಕು, ಕೈಗೆ ಹೇಗೆ ಒದಗಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಬಗ್ಗಿಸಿದರೆ ನೀರು ಹೇಗೆ ಬೀಳಬೇಕು ಎಂದು ಅವರು ಪ್ರಶ್ನೆಗಳ ಮಾಲೆಯನ್ನೇ ಕಟ್ಟಿದ್ದಾರೆ. ಇದನ್ನು ಮಾಡಿದವನು ಒಬ್ಬನಲ್ಲ. ತಲೆಮಾರುಗಳ ಜನರು ಬಳಸಿ ಬಳಸಿ ತಿದ್ದಿದರು ಎಂಬುದು ಅವರ ನಿರ್ಣಯ. ನೀರನ್ನು ಹೊತ್ತವರು ಹೆಚ್ಚಾಗಿ ಯಾರೆಂಬುದನ್ನು ನಾವು ಹೇಳಬೇಕಾಗಿಲ್ಲ. ಈ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು.

ಇನ್ನು ಈ ವೃತ್ತಿಯಲ್ಲಿ ಕೃತಕೃತ್ಯರಾದ ಇಬ್ಬರು ಮಹಿಳೆಯರ ವಿಷಯವನ್ನು ಅರಿಕೆಮಾಡುತ್ತೇವೆ. ಒಬ್ಬರು ಅಮೆರಿಕದ ಸೂಸನ್ ಕೇರ್. 1954ರಲ್ಲಿ ಹುಟ್ಟಿದ ಇವರು ಲಲಿತಕಲೆಯಲ್ಲಿ ಡಾಕ್ಟರೇಟ್ ಪದವಿ ಪಡೆದವರು. ಕಂಪ್ಯೂಟರಿನ ಪರಿಚಯವೇ ಇರಲಿಲ್ಲ. ಒಂದು ವಸ್ತುಸಂಗ್ರಹಾಲಯಕ್ಕಾಗಿ ಕಾಡುಹಂದಿಯ ಪ್ರತಿಮೆಯನ್ನು ಮಾಡುತ್ತಿದ್ದಾಗ ಹಳೆಯ ಸಹಪಾಠಿಯಿಂದ ಕರೆ ಬಂದು, 1983ರಲ್ಲಿ ಆ್ಯಪಲ್ ಕಂಪನಿಯನ್ನು ಸೇರಿದರು. ಅಲ್ಲಿ ಅವರ ಕೆಲಸವೆಂದರೆ, ಅಡ್ಡಕ್ಕೆ 32, ಉದ್ದಕ್ಕೆ 32, ಒಟ್ಟು 1024 ಮನೆಗಳ ಚೌಕದಲ್ಲಿ, ಕೆಲವು ಮನೆಗಳನ್ನು ಕಪ್ಪುಮಾಡಿ ಕೆಲವನ್ನು ಬಿಳಿಯಾಗಿ ಬಿಟ್ಟು, ನೋಡಿದೊಡನೆ ಅರ್ಥವಾಗುವ ಗುರುತುಗಳನ್ನು ಮೂಡಿಸುವುದು. ಚೌಕಳಿಯ ಪುಸ್ತಕವೊಂದನ್ನು ಕೊಂಡು ಮೊದಲು ಅದರಲ್ಲಿಯೇ ಬರೆದರು. ಕಡತಗಳನ್ನು ಎಸೆಯುವ ಕಸದ ಡಬ್ಬಿ, ಕಂಪ್ಯೂಟರು ಎಚ್ಚೆತ್ತೊಡನೆ ಕಾಣುವ ನಗುಮುಖ, ಇವೆಲ್ಲ ಹೀಗೆ ಹುಟ್ಟಿದವು. 1984ರ ಜನವರಿಯಲ್ಲಿ ಮ್ಯಾಕಿಂತಾಶ್ ಹೊರಬಂದಾಗ, ಯಂತ್ರಕ್ಕೆ ಅಂಜುತ್ತಿದ್ದ ಸಾಮಾನ್ಯ ಜನರನ್ನು ಆ ನಗುಮುಖವೇ ಎದುರುಗೊಂಡಿತು.

ಈ ಕೌಶಲವು ಅವರಿಗೆ ಎಲ್ಲಿಂದ ಬಂದಿತು? ಬಾಲ್ಯದಲ್ಲಿ ತಾಯಿಯು ಅವರಿಗೆ ಎಳೆಯನ್ನೆಣಿಸಿ ಹಾಕುವ ಕಸೂತಿಯನ್ನು ಕಲಿಸಿದ್ದರು. ಧಾರವಾಡದ ಕಡೆಯ ಕಸೂತಿಯನ್ನು ಬಲ್ಲ ಗೃಹಿಣಿಯರಿಗೆ ಇದರ ಮರ್ಮ ತಟ್ಟನೆ ತಿಳಿಯುವುದು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ಹೊಲಿಗೆಗಳೆಲ್ಲ ಬಟ್ಟೆಯ ಎಳೆಯನ್ನು ಎಣಿಸಿಯೇ ನಡೆಯತಕ್ಕವು. ಗೋಪುರವಾಗಲಿ, ತುಳಸಿಕಟ್ಟೆಯಾಗಲಿ, ಆನೆಯಾಗಲಿ, ಸಣ್ಣ ಗೀಟುಗಳ ಲೆಕ್ಕದಿಂದಲೇ ಮೂಡಬೇಕು. ಪರದೆಯ ಚಿತ್ರವೂ ಹಾಗೆಯೇ ಚುಕ್ಕೆಗಳ ಲೆಕ್ಕ. ನಾವು ಇಲ್ಲಿ ಗಮನಿಸತಕ್ಕದ್ದು ಅವರ ಮೊದಲ ಯಶಸ್ಸನ್ನಷ್ಟೇ ಅಲ್ಲ, ವೃತ್ತಿಯ ದೀರ್ಘಾಯುಷ್ಯವನ್ನೂ ಗಮನಿಸಬೇಕು. ಯಂತ್ರಗಳು ಬದಲಾದವು, ಕಂಪನಿಗಳು ಬದಲಾದವು. ಅವರು 1990ರಲ್ಲಿ ಬಂದ ವಿಂಡೋಸ್ ಪದ್ಧತಿಯ ಇಸ್ಪೀಟಿನ ಎಲೆಗಳನ್ನು ರಚಿಸಿದರು, ಅರುವತ್ತು ದಾಟಿದ ಮೇಲೆ ಪಿಂಟರೆಸ್ಟ್ ಎಂಬ ಕಂಪನಿಯಲ್ಲಿ ದುಡಿದರು, 2018ರಲ್ಲಿ ಅಮೆರಿಕದ ವಿನ್ಯಾಸಕಾರರ ಸಂಘದ ಪದಕವನ್ನು ಪಡೆದರು. ಯಂತ್ರವನ್ನಷ್ಟೇ ಕಲಿತವರ ವಿದ್ಯೆ ಯಂತ್ರದೊಡನೆಯೇ ಹಳತಾಗುತ್ತದೆ. ನೋಡುವವರ ಕಣ್ಣನ್ನು ಕಲಿತವರ ವಿದ್ಯೆ ಹಳತಾಗುವುದಿಲ್ಲ.

ಎರಡನೆಯವರು ಇಂಗ್ಲೆಂಡಿನ ಫಿಯೋನಾ ರಾಸ್. ಇವರು ಸಂಸ್ಕೃತವನ್ನು ಓದಿ, ಭಾರತದ ಪ್ರಾಚೀನ ಲಿಪಿಗಳ ವಿಷಯದಲ್ಲಿ ಡಾಕ್ಟರೇಟ್ ಪಡೆದವರು. 1978ರಿಂದ 1989ರವರೆಗೆ ಲೈನೋಟೈಪ್ ಎಂಬ ಅಚ್ಚಿನ ಕಂಪನಿಯಲ್ಲಿದ್ದು, ರೋಮನ್ ಅಲ್ಲದ ಲಿಪಿಗಳ ವಿಭಾಗದ ಮುಂದಾಳಾದರು. ಕಲ್ಕತ್ತೆಯ ಆನಂದಬಾಜಾರ್ ಪತ್ರಿಕೆಗಾಗಿ ಇವರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ವಂಗಾಕ್ಷರಗಳು ಸುಪ್ರಸಿದ್ಧವಾದುವು. ಸಂಸ್ಕೃತವನ್ನು ಓದಿ ಏನು ಪ್ರಯೋಜನವೆಂದು ಕೇಳುವವರಿಗೆ ಹೇಳಲು ನಮಗೆ ಈಗ ಈ ಒಂದು ಉತ್ತರವೂ ಉಂಟು!

ವಂಗಾಕ್ಷರದ ಮಾತು ನಮ್ಮ ಕನ್ನಡಕ್ಕೂ ಸಲ್ಲುತ್ತದೆ. ಇಂಗ್ಲಿಷಿನ ಅಕ್ಷರಗಳಿಗೆ ಅಳತೆಮಾಡಿದ ಸಾಲಿನಲ್ಲಿ ಕನ್ನಡವನ್ನು ತುರುಕಿದರೆ ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗುತ್ತವೆ. ‘ಸ್ತ್ರೀ’ ಎಂಬ ಮಾತನ್ನೇ ತೆಗೆದುಕೊಳ್ಳಿರಿ. ಅದರ ಕೆಳಗಿನ ತಕಾರ ರಕಾರಗಳೆರಡೂ ಮಾಯವಾದರೆ ಉಳಿಯುವುದು ‘ಸೀ’. ಅನ್ನ ಸೀದಿತೆಂದು ಹೇಳುವಾಗಿನ ‘ಸೀ’! ಇಂಗ್ಲಿಷಿನ ನಾಲ್ಕಕ್ಷರದ ಗುಂಡಿಯಲ್ಲಿ ಕನ್ನಡದ ಹತ್ತಕ್ಷರದ ಮಾತು ಹಿಡಿಯದೆ ಅರ್ಧಕ್ಕೆ ನಿಲ್ಲುವುದೂ ಉಂಟು. ‘ಸಬ್‌ಮಿಟ್’ ಎಂಬುದಕ್ಕೆ ‘ಅಧೀನರಾಗಿ’ ಎಂದು ಬರೆಯುವುದೋ, ‘ಸಲ್ಲಿಸಿ’ ಎಂದು ಬರೆಯುವುದೋ, ಸುಮ್ಮನೆ ‘ಕಳುಹಿಸಿ’ ಎಂದರೆ ಸಾಕೋ, ಇದನ್ನು ನಿರ್ಣಯಿಸಲು ಎರಡು ನುಡಿಗಳ ನಾಡಿಯನ್ನೂ ಬಲ್ಲವರು ಬೇಕು. ಆದುದರಿಂದ ಕನ್ನಡದಲ್ಲಿ ಓದಿದ ಹುಡುಗಿಯು ಆ ಕಾರಣದಿಂದ ಹಿಂದೆ ಬಿದ್ದೆನೆಂದು ಕುಗ್ಗಬೇಕಾಗಿಲ್ಲ. ಇಂಗ್ಲಿಷನ್ನು ಅವಳು ಅವಶ್ಯವಾಗಿ ಕಲಿಯಲಿ. ಆದರೆ ತಾಯ್ನುಡಿಯು ಈ ವೃತ್ತಿಯಲ್ಲಿ ಅವಳ ಮೂಲಧನವೆಂಬುದನ್ನು ಮರೆಯದಿರಲಿ.

ಇಷ್ಟನ್ನು ಓದಿ, ‘ಹೆಂಗಸರಿಗೆ ಸ್ವಭಾವದಿಂದಲೇ ಮರುಕ ಹೆಚ್ಚು, ಆದ್ದರಿಂದ ಈ ಕೆಲಸ ಅವರಿಗೆ ಸುಲಭ’ ಎಂದು ಯಾರಾದರೂ ತಿಳಿದರೆ ಅದು ನಮ್ಮ ಅಭಿಪ್ರಾಯವಲ್ಲ. ಸ್ವಭಾವವೆಂದು ಕರೆದ ವಿದ್ಯೆಗೆ ಲೋಕವು ಬೆಲೆ ಕೊಡುವುದಿಲ್ಲ. ಅಡುಗೆಗೆ ಸಂಬಳವಿಲ್ಲ, ಅಡುಗೆಯವನಿಗೆ ಸಂಬಳವುಂಟು ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಪರರ ತೊಡಕನ್ನು ಅರಿಯುವುದು ಅಭ್ಯಾಸದಿಂದ ಸಾಧಿಸತಕ್ಕ ವಿದ್ಯೆ. ಪುರುಷರೂ ಅದನ್ನು ಕಲಿಯಬಲ್ಲರು, ಸ್ತ್ರೀಯರೂ ಅದನ್ನು ಕಲಿತೇ ಆಗಬೇಕು. ಕಲಿಯುವ ದಾರಿ ಇಂತಿದೆ. ಮುಂಬಯಿಯ ಐಐಟಿಯಲ್ಲಿ 1969ರಿಂದ ವಿನ್ಯಾಸದ ಬೋಧನಕೇಂದ್ರವಿದೆ. ದ್ವಿತೀಯ ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ, ಯಾವುದನ್ನು ಓದಿದವರೂ ಯುಸೀಡ್ ಎಂಬ ಪ್ರವೇಶಪರೀಕ್ಷೆಗೆ ಕೂಡಬಹುದು. ಪದವಿಯಾದವರಿಗೆ ಸೀಡ್ ಎಂಬುದು ಬೇರೆ ಇದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅದರದೇ ಪರೀಕ್ಷೆಯುಂಟು, ಬೆಂಗಳೂರಿನಲ್ಲಿ ಅದರ ಶಾಖೆಯೂ ಉಂಟು. ಈ ಸಂಸ್ಥೆಗಳಿಗೆ ಸೇರಲಾಗದವರು ನಿರಾಶರಾಗಬೇಕಾಗಿಲ್ಲ. ಕೆಲಸ ಕೊಡುವವರು ಪದವಿಯ ಪತ್ರದಷ್ಟೇ ಆಸಕ್ತಿಯಿಂದ ಪೋರ್ಟ್‌ಫೋಲಿಯೊ ಎಂಬ ಕೃತಿಸಂಪುಟವನ್ನು ನೋಡುತ್ತಾರೆ. ಅದರಲ್ಲಿ ಇಪ್ಪತ್ತು ಅಂದದ ಚಿತ್ರಗಳಿಗಿಂತ, ಚೆನ್ನಾಗಿ ವಿವರಿಸಿದ ಮೂರು ಕೆಲಸಗಳು ಮೇಲು: ಯಾರಿಗೆ ಏನು ತೊಡಕಿತ್ತು, ತಾನು ಏನು ಕೇಳಿದೆ, ಯಾವುದನ್ನು ಮಾಡಿ ಯಾವುದನ್ನು ಬಿಟ್ಟೆ, ಬಿಟ್ಟದ್ದೇಕೆ. ಊರಿನ ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವ ಕ್ರಮವಾಗಲಿ, ಬಸ್ಸಿನ ವೇಳಾಪಟ್ಟಿಯಾಗಲಿ, ಇಂಥ ಅಭ್ಯಾಸಕ್ಕೆ ಸಾಕು. ಈಗ ಮಾತಿನಲ್ಲಿ ಹೇಳಿದರೆ ಪರದೆಯ ಚಿತ್ರವನ್ನು ಕ್ಷಣದಲ್ಲಿ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳು ಬಂದಿವೆಯಷ್ಟೆ. ಅವುಗಳಿಂದಾಗಿ ಬರಿಯ ಚಿತ್ರಕ್ಕೆ ಬೆಲೆ ಇಳಿಯುತ್ತಿದೆ. ‘ಇದು ಯಾರಿಗಾಗಿ, ಏಕಾಗಿ, ಇದರಿಂದ ಯಾರಿಗೆ ಕೇಡು’ ಎಂದು ಕೇಳಬಲ್ಲವಳ ಅವಶ್ಯಕತೆ ಇಳಿದಿಲ್ಲ.

ಇನ್ನು ಉಳಿದದ್ದು ಕಠಿಣವಾದ ಪ್ರಶ್ನೆ. ಕೆಲಸ ದೊರೆತ ಮಾತ್ರಕ್ಕೆ ತೃಪ್ತಿ ದೊರೆಯುವುದೆ? ಇದಕ್ಕೆ ಮೂರು ಅಂಗಗಳು ಬೇಕೆಂದು ನಮಗೆ ತೋರುತ್ತದೆ. ಮೊದಲನೆಯದು ಹೆಸರು. ಮೇಲೆ ಹೇಳಿದ ರೇ ಈಮ್ಸ್ ಪತಿಗೆ ಸರಿಸಮಳಾದ ಸಹಕರ್ತೃವಾಗಿದ್ದರೂ ಎಷ್ಟೋ ವರ್ಷ ಅವರ ಕೆಲಸವು ಚಾರ್ಲ್ಸರ ಒಬ್ಬರ ಹೆಸರಿನಲ್ಲಿಯೇ ಪ್ರಚಾರವಾಯಿತು. ಆದುದರಿಂದ ತಾನು ಮಾಡಿದ್ದನ್ನು ಬರೆದಿಡುವುದೂ, ಸಭೆಯಲ್ಲಿ ತಾನೇ ನಿಂತು ವಿವರಿಸುವುದೂ ಅಹಂಕಾರವಲ್ಲವೆಂದು ಹುಡುಗಿಯು ತಿಳಿಯಬೇಕು. ಎರಡನೆಯದು ಮಾತಿಗೆ ಬೆಲೆ. ‘ಬಣ್ಣ ಬದಲಿಸು’ ಎಂದಷ್ಟೇ ಹೇಳುವಲ್ಲಿ ಅವಳು ಕೈಯಾಗಿರುತ್ತಾಳೆ. ‘ಇದನ್ನು ಮಾಡೋಣವೆ ಬೇಡವೆ’ ಎಂದು ಕೇಳುವಲ್ಲಿ ಮಾತ್ರ ವಿನ್ಯಾಸಕಾರಳಾಗುತ್ತಾಳೆ. ಸಂಬಳ ಸ್ವಲ್ಪ ಕಡಿಮೆಯಾದರೂ ಎರಡನೆಯ ಸ್ಥಳವನ್ನು ಆರಿಸಿಕೊಂಡವಳು ಮುಂದೆ ಪಶ್ಚಾತ್ತಾಪಪಡಲಾರಳು. ಎಲ್ಲರೂ ಮೇಲಧಿಕಾರಿಗಳಾಗಲೇಬೇಕೆಂಬ ನಿಯಮವೂ ಇಲ್ಲ. ಕುಶಲತೆಯಲ್ಲಿಯೇ ಮೇಲೇರಿ ಹಿರಿಯ ವಿನ್ಯಾಸಕಾರಳೆನಿಸಿಕೊಳ್ಳುವ ದಾರಿಯೂ ಈ ವೃತ್ತಿಯಲ್ಲಿ ತೆರೆದಿದೆ.

ಮೂರನೆಯದು ಮನೆಯವರ ಪಾಲು. ಕಾನೂನು ತನ್ನ ಪಾಲನ್ನು ಸ್ವಲ್ಪಮಟ್ಟಿಗೆ ಮಾಡಿದೆ. 2013ರ ಶಾಸನದಂತೆ ಹತ್ತು ಅಥವಾ ಹೆಚ್ಚು ಮಂದಿಯುಳ್ಳ ಕೆಲಸದ ಸ್ಥಳದಲ್ಲಿ, ಕಿರುಕುಳದ ದೂರುಗಳನ್ನು ಕೇಳಲು ಮಹಿಳೆಯ ಅಧ್ಯಕ್ಷತೆಯ ಸಮಿತಿ ಇರಬೇಕು. 2017ರಲ್ಲಿ ಹೆರಿಗೆಯ ಸಂಬಳಸಹಿತ ರಜೆಯು ಮೊದಲ ಎರಡು ಮಕ್ಕಳಿಗೆ 12 ವಾರಗಳಿಂದ 26 ವಾರಗಳಿಗೆ ಏರಿತು. 50 ಮಂದಿ ಇರುವ ಸಂಸ್ಥೆಯು ಶಿಶುಪಾಲನೆಯ ಏರ್ಪಾಡನ್ನೂ ಮಾಡಬೇಕು. ಆದರೆ 26 ವಾರಗಳು ಮುಗಿದ ಮರುದಿನ ಮಗುವನ್ನು ಎತ್ತಿಕೊಳ್ಳುವ ಕೈ ಯಾರದು ಎಂಬುದನ್ನು ಯಾವ ಶಾಸನವೂ ಹೇಳಲಾರದು. ಆ ಕೈ ತಾಯಿಯದೊಂದೇ ಆದರೆ ವೃತ್ತಿಯು ಅಲ್ಲಿಗೆ ಕುಂಟುತ್ತದೆ. ಮಗಳ ಓದಿಗೆ ಸಾಲ ಮಾಡಿ ಹಣ ಹಾಕುವ ಗೃಹಸ್ಥರು, ಮದುವೆಯ ಮಾತುಕತೆಯಲ್ಲಿ ಚಿನ್ನದ ತೂಕವನ್ನು ಕುರಿತು ಆಡುವಷ್ಟು ಮಾತನ್ನು ಅವಳ ಕೆಲಸವನ್ನು ಕುರಿತು ಆಡುವುದಿಲ್ಲ. ಆಡಬೇಕು. ‘ಅವಳ ಕೆಲಸ ಬೇಸರ ಕಳೆಯುವುದಕ್ಕಲ್ಲ; ಮನೆಗೆಲಸದಲ್ಲಿ ಅಳಿಯಂದಿರ ಪಾಲೆಷ್ಟು?’ ಎಂದು ಕೇಳಿದರೆ ಮಾನಹಾನಿಯೇನೂ ಇಲ್ಲ. ಸೊಸೆಯನ್ನು ತಂದುಕೊಳ್ಳುವವರಿಗೂ ಇದೇ ಮಾತು. ಆಕೆ ಕೋಣೆಯ ಬಾಗಿಲು ಹಾಕಿಕೊಂಡು ಪರದೆಯ ಮುಂದೆ ಕುಳಿತಿದ್ದರೆ ಅದು ಕಾಲಹರಣವಲ್ಲ; ಯಾರೋ ಒಬ್ಬ ಅಜ್ಜಿಯ ಹಣ ತಪ್ಪು ಕೈಸೇರದಂತೆ ಆಕೆ ಅಲ್ಲಿ ಕಾವಲಿದ್ದಾಳೆ.

ಕೃತಾರ್ಥ ಎಂಬುದು ನಮ್ಮ ಹಳೆಯ ಮಾತುಗಳಲ್ಲಿ ಒಂದು. ಯಾವನ ಅರ್ಥವು, ಎಂದರೆ ಪ್ರಯೋಜನವು, ನೆರವೇರಿದೆಯೋ ಅವನು ಕೃತಾರ್ಥನು. ಒಳ್ಳೆಯ ಪರದೆಯನ್ನು ಬಳಸಿ ತನ್ನ ಕೆಲಸವನ್ನು ಯಾರ ಹಂಗೂ ಇಲ್ಲದೆ ಮುಗಿಸಿಕೊಂಡ ಮುದುಕನು ಕೃತಾರ್ಥನು. ಅವನ ಪ್ರಯೋಜನವನ್ನು ಮುಂಚೆಯೇ ಕಂಡು, ದಾರಿಯಲ್ಲಿನ ಕಲ್ಲುಗಳನ್ನು ಆಯ್ದು ತೆಗೆದವಳು ಅವನಿಗೆ ಕಾಣದೆಯೇ ಇರುತ್ತಾಳೆ, ಅವಳೂ ಕೃತಾರ್ಥಳು. ಲೋಕವೆಲ್ಲ ಕಾಣದಿದ್ದರೂ ಮನೆಯವರಾದರೂ ಅವಳ ಕೆಲಸವನ್ನು ಕಾಣಬೇಡವೆ? ಆದುದರಿಂದ ಮಗಳು ಈ ವಿದ್ಯೆಯನ್ನು ಬಯಸಿದರೆ ವಾಚಕರು ಶಂಕಿಸದೆ ಓದಿಸಲಿ. ಓದಿಸಿದ ಮೇಲೆ ಅದು ನಡುವೆ ಕಡಿದುಹೋಗದಂತೆ ತಾವೂ ಒಂದು ಕೈ ಹಿಡಿಯಲಿ ಎಂದು ಪ್ರಾರ್ಥಿಸುತ್ತೇವೆ.